ಅಂಚಿನಿಂದ ಒಳಕ್ಕೆ

ಲಾಂಡ್ರಿಯ ಮಹಡಿ,
ಮಾರ್ಚ್ ೧೧, ಬೆಳಿಗ್ಗೆ

ನನ್ನ ಮನೆ, ಅಂಗಡಿ, ಬಾಯಿ, ಮೂರನ್ನೂ ಹದ್ದುಬಸ್ತಿನಲ್ಲಿಟ್ಟಿರುವ ಯಜಮಾನಿಗೆ,

ಹೇಗಿದ್ದೀಯೆ? ಮಗಳ ಜ್ವರ ಇಳಿಯಿತೇ, ಕೂಸಿಗೆ ಹಾಲು ಸಾಕಾಗುತ್ತಿದೆಯೇ? ಮೊಮ್ಮಗಳಿಗೆ ನನ್ನ ಮೂಗು ಬಂದಿದೆ ಎಂದು ಅಳಿಯ ಹೇಳಿದ. ಹೆಣ್ಣುಮಗುವಿಗೆ ಅದು ಒಳ್ಳೆಯ ಸುದ್ದಿಯಲ್ಲ, ಆದರೂ ನನಗೆ ಖುಷಿಯಾಯಿತು. ಬಾಣಂತಿಯನ್ನು ನೋಡಿಕೊಳ್ಳುವ ಭರದಲ್ಲಿ ನಿನ್ನ ಸೊಂಟವನ್ನು ಮರೆಯಬೇಡ. ಇಲ್ಲಿ ಬಾಯ್ಲರ್ ಮತ್ತೆ ಕೆಮ್ಮುತ್ತಿದೆ. ಇಸ್ತ್ರಿಯವಳು ಆಸ್ಪತ್ರೆಯ ಹೊದಿಕೆಗಳನ್ನು ಹೋಟೆಲಿಗೆ ಕಳಿಸಿಬಿಟ್ಟಳು. "ನಿಮ್ಮ ಬಟ್ಟೆ ನೋಡಿ ಗಿರಾಕಿಗಳು ಎದ್ದು ಹೋದ್ರು" ಎಂದು ಹೋಟೆಲಿನವನು ಹಾರಾಡಿದ. "ನಿಮ್ಮ ಅಡುಗೆ ತಿಂದು ಏಳೋದಕ್ಕಿಂತ ವಾಸಿ ಅಲ್ವಾ" ಎಂದು ನಾನೂ ಬಿಡಲಿಲ್ಲ.

ಈಗ ನನ್ನ ಬೆನ್ನಿನ ಸಮಾಚಾರ. ಫೋನಿನಲ್ಲಿ ದನಿ ಕೈಕೊಡುತ್ತದೆ, ಅದಕ್ಕೇ ಈ ಕಾಗದ. ನನ್ನ ಹೃದಯ ಆಪರೇಷನ್ನಿನ ಕತ್ತರಿಯನ್ನು ತಾಳುವುದಿಲ್ಲವೆಂದು ಚರ್ಮದ ಡಾಕ್ಟರಮ್ಮ ಆ ಹೊಸ ಬಗೆಯ ಪಟ್ಟಿ ಕೊಟ್ಟಾಗ ನನಗೆಷ್ಟು ಹಿಡಿಸಿತ್ತು, ನಿನಗೆ ಗೊತ್ತು. ಉಗುರಿನಷ್ಟು ಪಟ್ಟಿ, ಬೆಕ್ಕಿನ ನಾಲಿಗೆಯಷ್ಟು ಒರಟು. ಅದರ ಸಣ್ಣ ಮುಳ್ಳುಗಳು ಚರ್ಮದೊಳಗೆ ಕರಗಿ ಮದ್ದನ್ನು ನೇರವಾಗಿ ಕ್ಯಾನ್ಸರ್ ಗಂಟಿಗೇ ಇಳಿಸುತ್ತವೆ, ಉಳಿದ ಮೈಗೆ ಸಂಕಟವಿಲ್ಲ. ಒಂದು ಕಲೆಗಾಗಿ ಇಡೀ ಕೋಟನ್ನು ಕುದಿಸಬೇಡಿ ಎಂದು ಹೇಳುತ್ತಲೇ ಈ ಅಂಗಡಿ ಕಟ್ಟಿದವನಿಗೆ ಅದು ಹಿಡಿಸದೆ ಇರುತ್ತದೆಯೇ?

ನೀನು ಹೊರಟ ಮೇಲೆ ಪಟ್ಟಿ ಹಚ್ಚುವ ಕೆಲಸವನ್ನು ನಮ್ಮ ಅಂಗಡಿಯ ಬ್ರಷ್ ಮಾಮ ವಹಿಸಿಕೊಂಡ. ಆ ಜಾಗಕ್ಕೆ ನನ್ನ ಕೈ ಎಟುಕುವುದಿಲ್ಲ, ಕಲೆ ತೆಗೆಯುವುದರಲ್ಲಿ ಅವನಂಥ ಹದವಾದ ಕೈ ಇನ್ನೊಂದಿಲ್ಲ. ದಿನಾ ಕೈ ತೊಳೆದು, ಕನ್ನಡಕ ಒರೆಸಿಕೊಂಡು, "ಬಗ್ಗಿ ಯಜಮಾನ್ರೇ, ನಿಮ್ಮನ್ನೂ ಡೆಲಿವರಿಗೆ ರೆಡಿ ಮಾಡ್ತೀನಿ" ಎನ್ನುತ್ತಾನೆ. ಪಾಪ, ಶ್ರದ್ಧೆ ಹೆಚ್ಚಾಗಿ ಕಸುಬಿನ ನಿಯಮವನ್ನೂ ನನ್ನ ಬೆನ್ನಿಗೆ ತಂದ. ಕಲೆಯನ್ನು ನಡುವಿನಲ್ಲಿ ಮುಟ್ಟಿದರೆ ಹರಡಿ ಉಂಗುರವಾಗುತ್ತದೆ, ಅಂಚಿನಿಂದ ಒಳಕ್ಕೆ ಬರಬೇಕು. ಅದರಂತೆ ಪಟ್ಟಿ ಇವತ್ತು ಗಂಟಿನ ಈ ಮಗ್ಗುಲಿಗೆ, ನಾಳೆ ಆ ಮಗ್ಗುಲಿಗೆ, ಸುತ್ತಲೂ. ನಡುವನ್ನು ಕೊನೆಗೆ ಇಟ್ಟುಕೊಂಡಿದ್ದ. ಸರಿಯಾಗಿ ಗಂಟಿನ ನೆತ್ತಿಯ ಮೇಲೇ ಹಚ್ಚಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಕಲೆಯ ವಿಷಯದಲ್ಲಿ ಬ್ರಷ್ ಮಾಮನಿಗೆ ಹೇಳಿಕೊಡುವ ಧೈರ್ಯ ಯಾರಿಗಿದೆ?

ಕಳೆದ ವಾರ ಡಾಕ್ಟರಮ್ಮ ಗಂಟಿನ ಸುತ್ತ ಬೆರಳಾಡಿಸಿ ನೋಡಿದರು. "ಅಂಚೆಲ್ಲ ಚೆನ್ನಾಗಿದೆ. ನಡು ಆಳಕ್ಕೆ ಹೋಗ್ಬಿಟ್ಟಿದೆ. ಯಾರು ಹಚ್ತಿದ್ರು?" ಎಂದರು. ನಾನೇ, ಕನ್ನಡಿ ಹಿಡಿದುಕೊಂಡು, ಎಂದೆ. ಅವರು ನಂಬಲಿಲ್ಲ, ಮತ್ತೆ ಕೇಳಲೂ ಇಲ್ಲ. ಸರಿಯಾಗಿ ಹಚ್ಚಿದ್ದರೆ ನಿಲ್ಲುತ್ತಿತ್ತೋ ಇಲ್ಲವೋ ಅವರಿಗೂ ಗೊತ್ತಿಲ್ಲವಂತೆ. ಆ ಮಾತನ್ನು ಹೇಗೆ ಮಗುಚಿ ಹಾಕಿದರೂ ಸಮಾಧಾನದ ಮಗ್ಗುಲು ಸಿಗುತ್ತಿಲ್ಲ. ಕೆಳಗೆ ಯಂತ್ರಗಳು ತಿರುಗುತ್ತಲೇ ಇವೆ, ಊರವರ ಬಟ್ಟೆಗಳು ಬೆಳ್ಳಗಾಗುತ್ತಿವೆ; ನನಗೆ ಮಾತ್ರ ನನ್ನ ಅಂಗಿ ಬಿಚ್ಚಲು ಭಯ.

ಮಗಳಿಗೂ ಕೂಸಿಗೂ ಮನಸಾರೆ ಆಶೀರ್ವಾದ. ಆ ಮೂಗಿನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಡ ಎಂದು ಅಳಿಯನಿಗೆ ಹೇಳು.

ನಿನ್ನ
ಬಾಯಿಬಡುಕ

ತಾ.ಕ.: ಅಂಚೆಯವನು ಕೆಳಗೆ ಕಾಯುತ್ತಿದ್ದಾನೆ. ಬೆನ್ನಿನ ರೋಗ ಕಂಕುಳಿನ ಗ್ರಂಥಿಗೂ ಇಳಿದಿದೆ. ಇನ್ನು ಪಟ್ಟಿ ಹಚ್ಚಿದರೂ ಒಂದೇ, ಬಿಟ್ಟರೂ ಒಂದೇ ಎಂದಿದ್ದಾರೆ ಡಾಕ್ಟರಮ್ಮ. ಬ್ರಷ್ ಮಾಮನಿಗೆ ತಿಳಿಸಿಲ್ಲ. ಮಿಕ್ಕ ಪಟ್ಟಿಗಳನ್ನು ಅವನು ದಿನಾ ಹಚ್ಚುತ್ತಿದ್ದಾನೆ. ಈಗ ನಡುವಿಗೆ ಬಂದಿದ್ದಾನೆ. "ಇನ್ನೇನು, ಹೋಗೇ ಹೋಗುತ್ತೆ ಬಿಡಿ" ಎನ್ನುತ್ತಾನೆ, ನಾನು ಹೂಂ ಎನ್ನುತ್ತೇನೆ. ಬೇಡವೆಂದರೆ ಯಾಕೆಂದು ಕೇಳುತ್ತಾನೆ. ತಿಳಿದರೆ ಆ ಕೈ ಮತ್ತೆ ಬಟ್ಟೆ ಮುಟ್ಟುವುದಿಲ್ಲ. ಮಗಳನ್ನು ಅಳಿಯನಿಗೆ ಒಪ್ಪಿಸಿ ಬಂದುಬಿಡು. ಬಂದವಳೇ "ನನ್ನ ಗಂಡನ ಬೆನ್ನು ನನಗೆ ಬಿಡಿ" ಎಂದು ಜೋರು ಮಾಡಿ ಅವನ ಕೈಯಿಂದ ಪಟ್ಟಿಯ ಡಬ್ಬಿ ಕಿತ್ತುಕೋ. ಆಮೇಲೆ ಬಾಗಿಲು ಹಾಕಿಕೊಂಡು, ಏನೂ ಹಚ್ಚದೆ, ಸ್ವಲ್ಪ ಹೊತ್ತು ಅಲ್ಲಿ ಕೈಯಿಟ್ಟರೆ ಸಾಕು.