ಭಾವ ಹೇಳಿದ ‘ಆಗಲ್ಲ’

ಹತ್ತೊಂಬತ್ತನೇ ತಾರೀಖು, ಭಾನುವಾರ

ಅಕ್ಕಾ,

ಬೋರ್ಡು ಕೊನೆಗೂ ಇಳಿಸಿದೆವು. ನಿನ್ನೆ ಬೆಳಿಗ್ಗೆ. ನಾನು ಸ್ಟೂಲ್ ಮೇಲೆ, ಭಾವ ಕೆಳಗೆ ಸ್ಟೂಲ್ ಹಿಡಿದುಕೊಂಡು. ಮದುವೆಯಾದ ಹೊಸದರಲ್ಲಿ ನೀನೇ ಬ್ರಷ್ ಹಿಡಿದು ಬರೆದದ್ದು, ‘ಮೋಟರ್, ಪಂಪು, ಫ್ಯಾನ್ ವೈಂಡಿಂಗ್’ ಅಂತ. ಜಾಗ ಸಾಲದೆ ಕೊನೆಯ ಅಕ್ಷರವನ್ನು ಕೆಳಗೆ ಇಳಿಬಿಟ್ಟಿದ್ದೆಯಲ್ಲ, ಅದು ಇನ್ನೂ ಹಾಗೇ ಜೋತಾಡುತ್ತಿತ್ತು. ಇಳಿಸೋಣವಾ ಅಂತ ಭಾವನನ್ನು ಕೇಳಿಯೇ ಇಳಿಸಿದೆ. ಅವರು ಏನಂದರು ಅನ್ನುವುದನ್ನು ಆಮೇಲೆ ಬರೆಯುತ್ತೇನೆ.

ಮೊದಲು ನಮಸ್ಕಾರ, ಕ್ಷೇಮ ಎಲ್ಲ ಬರೆಯಬೇಕಿತ್ತು, ಕೈ ಸೀದಾ ಬೋರ್ಡಿಗೇ ಹೋಯಿತು. ನಾವೆಲ್ಲ ಇದ್ದೀವಿ. ಪಾಪು ತೂಕ ಹಾಕುತ್ತಿದೆ ಅಂತ ಕೇಳಿ ಸಮಾಧಾನವಾಯಿತು. ಮೂಗು ನಮ್ಮ ಕಡೆಯದು ಬಂದಿದೆ ಅಂದೆಯಲ್ಲ, ಅದಕ್ಕೆ ನನ್ನನ್ನು ಬೈಯಬೇಡಿ ಅಂತ ಅಳಿಯಂದಿರಿಗೆ ಹೇಳು. ಮಗಳು ಮಾತ್ರ ಎದ್ದು ಓಡಾಡುವಷ್ಟು ಗಟ್ಟಿಯಾಗಲಿ, ಅವಳನ್ನು ಬಿಟ್ಟು ಬಾ ಅನ್ನುವ ಬಾಯಿ ನನಗೆ ಇಷ್ಟು ದಿನ ಬರಲಿಲ್ಲ.

ಕಾಗದ ತಡವಾಯಿತು. ತಡ ಅಂದರೆ ಏನು, ಬಸುರಿ ಮಗಳು ಹಾಸಿಗೆ ಹಿಡಿದಳು ಅಂತ ನೀನು ಹೋಗಿ ವರ್ಷದ ಮೇಲಾಯಿತು, ಇದೇ ಮೊದಲನೆಯದು. ಫೋನ್ ಇರುವಾಗ ಕಾಗದ ಯಾಕೆ ಅಂತ ನೀನು ಕೇಳುತ್ತೀಯ. ಫೋನಿನಲ್ಲಿ ನೀನು ‘ನಿಮ್ಮ ಭಾವ ಹೇಗಿದ್ದಾರೋ’ ಅಂದ ಕೂಡಲೇ ನನ್ನ ಬಾಯಿಗೆ ಏನೋ ಒಂದು ತಮಾಷೆ ಬರುತ್ತೆ, ನೀನು ನಗುತ್ತೀಯ, ನಾನು ಇಟ್ಟುಬಿಡುತ್ತೇನೆ. ಭಾವನ ಕೈಗೆ ಕೊಟ್ಟರೆ ಅವರು ‘ಹ್ಞೂಂ’ ಅಂದು ವಾಪಸು ಕೊಡುತ್ತಾರೆ. ಕಾಗದದ ಮೇಲೆ ನಗಿಸುವಷ್ಟು ನಾನು ಓದಿಲ್ಲ. ಅದಕ್ಕೇ ಇದರಲ್ಲಿ ಸತ್ಯ ಬರೆಯಬಹುದು ಅಂತ ಕೂತೆ.

ನಮ್ಮ ರಿಪೇರಿ ಬೀದಿ ಹೋಗಿ ಊರಾಚೆಯ ಶೆಡ್ಡಿಗೆ ಬಂದೆವು ಅನ್ನುವುದು ನಿನಗೆ ಗೊತ್ತು. ಹೇಗೆ ಹೋಯಿತು ಅನ್ನುವುದು ಗೊತ್ತಿಲ್ಲ. ಕೇಳು.

ನೀನು ಆ ಕಡೆ ಹೋಗಿ ಸ್ವಲ್ಪ ದಿನಕ್ಕೆ ಬೀದಿಗೆ ಮೈಕು ಕಟ್ಟಿದ ನಗರಸಭೆಯ ವ್ಯಾನು ಬಂತು. ಊರು ಇನ್ನು ಇಪ್ಪತ್ತೈದು ವರ್ಷಕ್ಕೆ ಹೇಗಿರಬೇಕು, ಯಾವ ಕೆಲಸ ಬೆಳೆಯಬೇಕು, ಯಾವುದು ಎಲ್ಲಿರಬೇಕು, ಎಲ್ಲ ಜನರನ್ನು ಕೇಳಿಯೇ ತೀರ್ಮಾನ ಮಾಡುತ್ತಾರಂತೆ, ಎಲ್ಲರೂ ಸಭೆಗೆ ಬರಬೇಕಂತೆ. ನಮ್ಮನ್ನು ಯಾರು ಏನು ಕೇಳಿದ್ದಾರೆ ಅಕ್ಕ, ‘ಯಾವಾಗ ಕೊಡ್ತೀಯ’ ಅನ್ನುವುದು ಬಿಟ್ಟು? ಬೀದಿಯವರೆಲ್ಲ ಒಗೆದ ಬಟ್ಟೆ ಹಾಕಿಕೊಂಡು ಹೋದೆವು. ಎದುರಿನ ಲೇತ್ ಮಿಷನ್ನಿನವನು ಸೆಂಟು ಕೂಡ ಹೊಡೆದುಕೊಂಡಿದ್ದ. ‘ಹೆಣ್ಣು ನೋಡೋಕೆ ಹೊರಟಿದ್ದೀಯಾ?’ ಅಂದೆ. ‘ಊರು ನೋಡೋಕೆ ಕಣೋ ರೇಡಿಯೊ, ಇಪ್ಪತ್ತೈದು ವರ್ಷದ ಮೇಲಿನ ಊರು’ ಅಂದ.

ದೊಡ್ಡ ಹಾಲು. ಗೋಡೆ ತುಂಬ ಚಿತ್ರ, ಮುಂದೆ ಬರುವ ಊರಿನದು. ಮರ, ನೀರು, ಸೈಕಲ್ ಹೊಡೆಯುವ ಜನ. ಅದರಲ್ಲಿ ಒಬ್ಬರಿಗೂ ಹೊಟ್ಟೆ ಇರಲಿಲ್ಲ. ‘ನಾವೆಲ್ಲ ಅಷ್ಟೊತ್ತಿಗೆ ಸತ್ತಿರ್ತೀವಿ ಅಂತ ಕಾಣುತ್ತೆ’ ಅಂದೆ, ಹಿಂದಿನ ಸಾಲು ಪೂರ್ತಿ ನಕ್ಕಿತು. ಸಭೆ ನಡೆಸಿದ್ದು ಚಿಕ್ಕ ವಯಸ್ಸಿನ ಒಬ್ಬ ಮೇಡಂ. ಒಳ್ಳೆಯ ಹುಡುಗಿ ಅಕ್ಕ, ಸುಳ್ಳು ಹೇಳಬಾರದು. ಪ್ರತಿಯೊಬ್ಬರಿಗೂ ಮೈಕು ಕೊಟ್ಟು, ಹೇಳಿದ್ದನ್ನೆಲ್ಲ ಬರೆದುಕೊಂಡಳು.

ಕೇಳಿದಳು: ‘ನಿಮ್ಮ ಬೀದಿ ಹೊಳೆ ಪಕ್ಕ ಇದೆ. ಅಲ್ಲಿ ಜನ ಓಡಾಡೋ ಜಾಗ, ಅಂಗಡಿ, ಹೋಟೆಲು ಬಂದರೆ ಊರಿಗೆ ಆದಾಯ. ನಿಮಗೆ ಊರಾಚೆ ದೊಡ್ಡ ಜಾಗ, ಒಳ್ಳೆ ಸೌಕರ್ಯ ಕೊಟ್ಟರೆ ಆಗುತ್ತಾ?’

ಪಂಪಿನವನು ಎದ್ದು ‘ಆಗುತ್ತೆ ಮೇಡಂ’ ಅಂದ.

ಲೇತಿನವನು ‘ಆಗುತ್ತೆ’ ಅಂದ. ಗ್ಯಾಸ್ ವೆಲ್ಡಿಂಗಿನವನು, ಹೊಲಿಗೆ ಮಿಷನ್ನಿನವನು, ಎಲ್ಲರೂ ‘ಆಗುತ್ತೆ’. ನಾನೂ ಅಂದೆ.

ನೀನು ನಮ್ಮ ಬೀದಿಯಲ್ಲೇ ಬಾಳಿದವಳು, ನಿನಗೆ ಬಿಡಿಸಿ ಹೇಳಬೇಕಾ? ಗಿರಾಕಿ ಬಾಗಿಲಿಗೆ ಬಂದು ಏನೇ ಕೇಳಲಿ, ‘ಇದು ಸರಿಹೋಗುತ್ತಾ, ಶುಕ್ರವಾರಕ್ಕೆ ಸಿಗುತ್ತಾ’, ಆಗಲ್ಲ ಅಂತ ಕಳಿಸಿದ್ದು ಭಾವನನ್ನು ಬಿಟ್ಟು ಯಾರಾದರೂ ಉಂಟಾ? ಪಂಪು ನುಜ್ಜುಗುಜ್ಜಾಗಿ ಗೋಣಿಚೀಲದಲ್ಲಿ ಬಂದರೂ ಆಗುತ್ತೆ ಅನ್ನುತ್ತೇವೆ. ಮೊದಲು ವಸ್ತು ಇಟ್ಟು ಹೋಗಲಿ, ಬಿಚ್ಚಿ ನೋಡೋಣ, ಮಾತು ಆಮೇಲೆ. ಹಾಗೆ ಅಭ್ಯಾಸವಾಗಿ ಹೋದ ನಾಲಿಗೆ. ಅಷ್ಟು ದೊಡ್ಡವರು ಬಂದು ಮರ್ಯಾದೆಯಿಂದ ಕೇಳುತ್ತಿದ್ದಾರೆ, ಮುಖದ ಮೇಲೆ ಹೊಡೆದ ಹಾಗೆ ಇಲ್ಲ ಅನ್ನುವುದಕ್ಕೆ ಯಾರಿಗೂ ಬರಲಿಲ್ಲ. ಮುಂದೆ ಮಾತಾಡೋಣ, ಇನ್ನೊಂದು ಸಲ ಕೂರಿಸುತ್ತಾರೆ, ಆಗ ಒಂದೊಂದೇ ಹೇಳೋಣ ಅಂತ ಎಲ್ಲರ ಲೆಕ್ಕ. ಬರೆದುಕೊಂಡವರಿಗೆ ನಮ್ಮ ಬಾಗಿಲಿನ ರೂಢಿ ಎಲ್ಲಿ ಗೊತ್ತು?

ಆಗಲ್ಲ ಅಂದವರು ಒಬ್ಬರೇ. ಬೀದಿಯಲ್ಲೆಲ್ಲ ಅವರನ್ನು ‘ಆಗಲ್ಲ’ ಅಂತಲೇ ಕರೆಯುತ್ತಿದ್ದರಲ್ಲ, ಆ ಹೆಸರಿಗೆ ತಕ್ಕ ಹಾಗೆ ಭಾವ ಎದ್ದರು, ಮೈಕು ಬೇಡ ಅಂತ ಕೈಯಲ್ಲೇ ಸರಿಸಿದರು, ‘ಆಗಲ್ಲ’ ಅಂದರು.

ಮೇಡಂ ಪೆನ್ನು ಎತ್ತಿಕೊಂಡು, ‘ಯಾಕೆ ಅಂತ ಹೇಳಿ ಸರ್, ಅದನ್ನೇ ಕೇಳೋಕೆ ಬಂದಿರೋದು’ ಅಂದಳು.

ಭಾವನ ಸಂಗತಿ ನಿನಗಿಂತ ಯಾರಿಗೆ ಗೊತ್ತು? ಮೋಟರ್ ಆದರೂ ಸರಿ, ಮಾತಾದರೂ ಸರಿ, ನಾಲ್ಕು ಕಡೆ ತಿರುಗಿಸಿ ನೋಡದೆ ಕೈ ಹಾಕುವವರಲ್ಲ. ನಿಂತರು. ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದರು. ಎಲ್ಲರೂ ಅವರ ಬಾಯಿ ನೋಡುತ್ತಿದ್ದಾರೆ. ನನಗೆ ಆ ಸದ್ದಿಲ್ಲದ ಹೊತ್ತು ತಡೆಯಲಿಕ್ಕೇ ಆಗುವುದಿಲ್ಲ, ಚಿಕ್ಕಂದಿನಿಂದ ಹಾಗೆ. ಅವರಿಗೆ ಅವಮಾನವಾಗುತ್ತಿದೆ ಅಂತಲೂ ಅನ್ನಿಸಿತು. ಎದ್ದು, ‘ಅವರನ್ನ ಬಿಡಿ ಮೇಡಂ, ಮದುವೆ ಮಂಟಪದಲ್ಲೂ ಆಗಲ್ಲ ಅಂದೋರು. ನಮ್ಮಕ್ಕ ಕೈ ಹಿಡಿದು ಕೂರಿಸಿಕೊಂಡಿದ್ದು, ಇವತ್ತಿಗೂ ಬಿಟ್ಟಿಲ್ಲ’ ಅಂದುಬಿಟ್ಟೆ.

ಎಂಥ ನಗು ಅಂತೀಯ. ಮೇಡಂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಫೋಟೋ ತೆಗೆಯುವವನ ಕ್ಯಾಮೆರಾ ಅಲ್ಲಾಡುತ್ತಿತ್ತು. ಭಾವನೂ ಸ್ವಲ್ಪ ನಕ್ಕರು, ತಲೆ ಅಲ್ಲಾಡಿಸಿದರು, ಕೂತರು. ಅಷ್ಟರಲ್ಲಿ ಮೈಕು ಮುಂದಿನ ಸಾಲಿಗೆ ಹೋಗಿತ್ತು. ಮನೆಗೆ ಬರುವಾಗ ದಾರಿಯುದ್ದಕ್ಕೂ ಎಲ್ಲರೂ ನನ್ನ ಬೆನ್ನು ತಟ್ಟಿದ್ದೇ ತಟ್ಟಿದ್ದು. ನಾನು ಕೂಡ ಖುಷಿಯಲ್ಲೇ ಇದ್ದೆ.

ಆಮೇಲೆ ಪುಸ್ತಕ ಬಂತು. ನುಣುಪು ಕಾಗದ, ಬೀದಿಗೆಲ್ಲ ಹಂಚಿದರು. ಅದರಲ್ಲಿ ಒಂದು ಪುಟದ ತುಂಬ ನಾವೇ. ಹಲ್ಲು ಬಿಟ್ಟುಕೊಂಡು ನಗುತ್ತಿದ್ದೇವೆ, ಮಧ್ಯೆ ಭಾವ. ಕೆಳಗೆ ‘ಬದಲಾವಣೆಯನ್ನು ನಗುಮೊಗದಿಂದ ಒಪ್ಪಿಕೊಂಡ ಕುಶಲಕರ್ಮಿಗಳು’ ಅಂತ. ಯಾರ ತಕರಾರೂ ಇಲ್ಲದ ಕಡೆಯಿಂದಲೇ ಕೆಲಸ ಶುರು ಮಾಡುವುದು ಅಂತ ಅವರ ಪದ್ಧತಿಯಂತೆ. ಇಡೀ ಊರಿನಲ್ಲಿ ತಕರಾರಿಲ್ಲದ ಬೀದಿ ನಮ್ಮದೊಂದೇ. ನಮ್ಮದೇ ಮೊದಲು ಬಿತ್ತು.

ಓಡಿಹೋಗಿ ಕೇಳಿದೆವು. ಮೇಡಂ ಆ ಕೆಲಸದಲ್ಲಿ ಆಗ ಇರಲಿಲ್ಲ. ಅವಳ ಕುರ್ಚಿಯಲ್ಲಿದ್ದವರು ಪುಸ್ತಕ ತೆಗೆದು ಅದೇ ಪುಟ ತೋರಿಸಿದರು. ‘ನೀವೇ ಅಲ್ವಾ ಇದು?’ ನಾವೇ.

ಶೆಡ್ಡು ಚೆನ್ನಾಗಿದೆ, ಅದನ್ನೂ ಹೇಳಬೇಕು. ನಲ್ಲಿ ತಿರುಗಿಸಿದರೆ ನೀರು ಬರುತ್ತೆ. ಕಕ್ಕಸು ಎಷ್ಟು ಹೊಳೆಯುತ್ತೆ ಅಂದರೆ ಒಳಗೆ ಹೋದವನಿಗೆ ಸಂಕೋಚವಾಗಿ ಏನೂ ಆಗದೆ ವಾಪಸು ಬರಬೇಕು. ಆದರೆ ಚೀಟಿ ಎತ್ತಿ ಜಾಗ ಕೊಟ್ಟರು. ನಾವು ಈ ತುದಿಯಲ್ಲಿ, ಲೇತಿನವನು ಆ ತುದಿಯಲ್ಲಿ, ಬೇರಿಂಗ್ ಅಂಗಡಿಯವರು ಬರಲೇ ಇಲ್ಲ. ಮೊದಲು ಒಂದು ಪಂಪು ನಮ್ಮ ಬಾಗಿಲಿಗೆ ಬಂದರೆ ಎದುರು ಮನೆ, ಪಕ್ಕದ ಮನೆ, ಹಿಂದಿನ ಮನೆ ಸುತ್ತಿ ಸಂಜೆಗೆ ತಿರುಗಿಕೊಂಡು ಹೋಗುತ್ತಿತ್ತು. ಈಗ ಅಂಥ ಭಾರ ಹೊತ್ತು ಅಷ್ಟು ದೂರ ಯಾರು ಬರುತ್ತಾರೆ? ಹೊಸದೇ ತೆಗೆದುಕೊಳ್ಳುತ್ತಾರೆ. ಲೇತಿನವನು ಈಗ ಒಂದು ದೊಡ್ಡ ಅಂಗಡಿಯ ಬಾಗಿಲಲ್ಲಿ ಯೂನಿಫಾರ್ಮ್ ಹಾಕಿ ನಿಂತಿದ್ದಾನೆ. ನಮ್ಮ ಬೀದಿ ಇದ್ದ ಜಾಗದಲ್ಲೇ ಆ ಅಂಗಡಿ. ನೋಡಿ ಬರೋಣ ಅಂತ ಹೋದೆ. ಅವನು ನನ್ನ ಚೀಲ ಬಿಚ್ಚಿಸಿ ನೋಡಿ ಒಳಗೆ ಬಿಟ್ಟ. ನಾನು ಏನೋ ಅಂದೆ, ಅವನು ನಗಲಿಲ್ಲ.

ಯಾರೂ ನಗುವುದಿಲ್ಲ ಅಕ್ಕ. ಬೈದಿದ್ದರೆ ಆಗುತ್ತಿತ್ತು. ಒಬ್ಬರೂ ಒಂದು ಮಾತು ಅನ್ನಲಿಲ್ಲ, ನಾನು ಬಾಯಿ ತೆಗೆದರೆ ಕೈಯಲ್ಲಿದ್ದ ಕೆಲಸ ನೋಡುತ್ತಾರೆ, ಅಷ್ಟೇ. ಬಾಯಿ ಬಿಟ್ಟು ಹೇಳಿದವಳು ಟೀ ಮಾರುವ ಅಮ್ಮ ಒಬ್ಬಳೇ. ‘ನೀ ಒಂದು ನಿಮಿಷ ಸುಮ್ನಿದ್ದಿದ್ರೆ ಆ ಮನುಷ್ಯ ಏನೋ ಹೇಳ್ತಿದ್ದ. ಇನ್ನಾದ್ರೂ ಸ್ವಲ್ಪ ಆಫ್ ಆಗು ರೇಡಿಯೊ’ ಅಂದಳು. ಟೀಗೆ ಸಕ್ಕರೆ ಹಾಕುವುದನ್ನೂ ಮರೆತಳು. ಹಾಗೇ ಕುಡಿದು ಬಂದೆ.

ಶೆಡ್ಡು ಈಗ ಬಿಡುತ್ತಿದ್ದೇವೆ. ಹೊಳೆ ಪಕ್ಕದ ಹೋಟೆಲಿನವರು ಭಾವನನ್ನು ವಾಚ್‌ಮನ್ ಕೆಲಸಕ್ಕೆ ಕರೆದಿದ್ದಾರೆ, ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂರುವುದು. ನನಗೆ ಅವರ ಅಡುಗೆಮನೆಯಲ್ಲಿ ಪಾತ್ರೆ ಸಾಗಿಸುವುದು. ಗುರುವಾರ ಸಹಿ. ಸಹಿ ಬಿದ್ದ ಮೇಲೆ ಶೆಡ್ಡು ಬೇರೆಯವರಿಗೆ, ತಿರುಗಿ ಸಿಗುವುದಿಲ್ಲ. ಸಂಸಾರ ನಡೆಯುತ್ತೆ, ಅದರ ಚಿಂತೆ ಹಚ್ಚಿಕೊಳ್ಳಬೇಡ. ಬೋರ್ಡು ಮಂಚದ ಕೆಳಗೆ ಇಟ್ಟಿದ್ದೇನೆ, ಬರೆದ ಕಡೆ ಮೇಲೆ ಮಾಡಿ.

ಪಾಪು ಹುಷಾರು. ಅದಕ್ಕೆ ನೂರು ವರ್ಷ ಆಯಸ್ಸಿರಲಿ, ಎದುರಿನವರು ಮಾತು ಮುಗಿಸುವ ತನಕ ಕಾಯುವ ಬುದ್ಧಿ ಬರಲಿ. ನಿನ್ನ ಕಾಲಿಗೆ ನಮಸ್ಕಾರ, ಮಂಡಿ ನೋವಿಗೆ ಎಣ್ಣೆ ತಿಕ್ಕಿಕೋ.

ಇಂತಿ ನಿನ್ನ ತಮ್ಮ,
ರೇಡಿಯೊ

ತಾ.ಕ.: ಮಡಚಿ ಇಟ್ಟಿದ್ದೆ, ಮತ್ತೆ ಬಿಚ್ಚಿದೆ.

ಬೋರ್ಡು ಇಳಿಸೋಣವಾ ಅಂದಾಗ ಭಾವ ‘ಆಗುತ್ತೆ’ ಅಂದರು.

ನಾನು ಆಗಲ್ಲ ಅನ್ನುತ್ತಾರೆ ಅಂತ ನಂಬಿಕೊಂಡೇ ಕೇಳಿದ್ದು. ಸ್ಟೂಲ್ ಹತ್ತಿದ್ದೂ ಅದೇ ಧೈರ್ಯದಲ್ಲಿ. ಅವರು ಬೇಡ ಅಂದರೆ ಇಳಿದುಬಿಡೋಣ, ಗುರುವಾರ ಸಹಿ ಹಾಕಬೇಕಾದ ಕಾಗದವನ್ನೂ ಹರಿದು ಹಾಕೋಣ ಅಂತ. ಮೊದಲ ಸಲ ಅಲ್ಲ ಇದು. ಬೀದಿ ಬಿಟ್ಟ ದಿನದಿಂದ ಏನು ಕೇಳಿದರೂ ಅದೇ. ಹೋಟೆಲಿನವರು ಕರೆದಾಗ ಆಗುತ್ತೆ. ವೈಂಡಿಂಗ್ ಮಿಷನ್ ಕೊಟ್ಟುಬಿಡೋಣವಾ, ಆಗುತ್ತೆ. ಬೇಕೆಂದೇ ಒಂದು ದಿನ ‘ಭಾವ, ಆ ಹಳೇ ಮೋಟರಿಗೆ ಅಲ್ಯೂಮಿನಿಯಂ ತಂತಿ ಸುತ್ತಿ ತಾಮ್ರ ಅಂತ ಕೊಟ್ಟುಬಿಡಲಾ’ ಅಂದೆ. ಮೊದಲಾಗಿದ್ದರೆ ಸ್ಪ್ಯಾನರ್ ಬೀಸುತ್ತಿದ್ದರು. ಗೋಡೆ ನೋಡಿಕೊಂಡು ‘ಆಗುತ್ತೆ’ ಅಂದರು.

ಅವತ್ತು ಸಭೆಯಲ್ಲಿ ಏನು ಹೇಳೋಕೆ ಹೊರಟಿದ್ದಿರಿ ಅಂತ ಕೇಳಿಯೂ ನೋಡಿದೆ. ‘ಏನೋಪ್ಪ, ಈಗ ನೆನಪಿಲ್ಲ’ ಅಂದರು. ನನ್ನ ಮೇಲೆ ಸಿಟ್ಟೇ ಇಲ್ಲ ಅವರಿಗೆ. ಇದ್ದಿದ್ದರೆ ಹಿಡಿದುಕೊಳ್ಳುವುದಕ್ಕೆ ಏನಾದರೂ ಸಿಗುತ್ತಿತ್ತು.

ಇದನ್ನು ನಾಳೆ ಬೆಳಿಗ್ಗೆಯೇ ಬಸ್ಸಿನವನ ಕೈಯಲ್ಲಿ ಕಳಿಸುತ್ತೇನೆ, ಗುರುವಾರದೊಳಗೆ ಒಂದು ದಿನದ ಮಟ್ಟಿಗೆ ಬಂದು ಹೋಗು ಅಕ್ಕ. ಸ್ವೆಟರ್ ಹಾಕಿಕೊಳ್ಳಿ ಅಂತ ನೀನು ಬೆನ್ನು ಹತ್ತಿದರೆ ಅವರ ಬಾಯಿಂದ ಒಂದು ‘ಆಗಲ್ಲ’ ಬರಬಹುದು. ಒಂದು ಬಂದರೆ ಸಾಕು. ನಾನು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ನಿಂತಿರುತ್ತೇನೆ, ಆಣೆಗೂ.

ಒಳಗೆ ನನ್ನವಳು ಭಾವನಿಗೆ ಬಡಿಸುತ್ತಿದ್ದಾಳೆ. ‘ಅಣ್ಣ, ಇನ್ನೊಂದು ಸೌಟು ಹಾಕಲಾ?’ ಎರಡನೇ ಸಲ ಹಾಕಿಸಿಕೊಂಡ ಮನುಷ್ಯನಲ್ಲ, ನಿನಗೆ ಗೊತ್ತು. ಪೆನ್ನು ಹಿಡಿದುಕೊಂಡು ಕಿವಿ ಕೊಟ್ಟು ಕೂತಿದ್ದೇನೆ. ಮತ್ತೆ ಕೇಳುತ್ತಿದ್ದಾಳೆ. ಮತ್ತೆ.

ಈಗ ನನ್ನನ್ನು ಕೂಗುತ್ತಿದ್ದಾಳೆ. ‘ರೀ, ಬರೆದಿದ್ದು ಸಾಕು, ಊಟಕ್ಕೆ ಬನ್ನಿ. ನಾನು ಕೇಳಿದಾಗೆಲ್ಲ ಅಣ್ಣ ‘ಆಗುತ್ತೆ’ ಅಂತ ಹಾಕಿಸಿಕೊಂಡು ಕೂತಿದ್ದಾರೆ, ಒಂದು ತುತ್ತೂ ಮುಟ್ಟಿಲ್ಲ.’