ಫೋನಿನಲ್ಲಿ ಹೇಳಿದ ಸಾಕ್ಷಿ

ಜೂನ್ 16, 2020. ಮಂಗಳವಾರ

ಇಲ್ಲ ಮಿಸ್ ಬ್ಯಾಂಕ್ಸ್, ಅಜ್ಜಿ ಒಂಟಿಯಲ್ಲ. ನೀವು ಸರ್ಕಾರಿ ಮನೆಗಳ ಹೌಸಿಂಗ್ ಆಫೀಸಿನಿಂದ ಫೋನ್ ಮಾಡಿ, ಜೊತೆಗೆ ಯಾರಿದ್ದಾರೆ ಅಂತ ಕೇಳಿದಿರಿ. ಅವಳು ದೇವರಿದ್ದಾನೆ ಅಂದಳು. ನಾನೂ ಇದ್ದೆ. ಅಡುಗೆಮನೆಯಲ್ಲಿ, ಉಸಿರು ಬಿಗಿಹಿಡಿದು. ನೀವು ಒಂಟಿ ಮುದುಕರಿಗೆ ಕಳಿಸುವ ಊಟವನ್ನು ಇಬ್ಬರೂ ತಿಂದೆವು.

ಈ ಕಟ್ಟಡಕ್ಕೆ ನಾನು ಕಾಲಿಡುವಂತಿಲ್ಲ. ಹತ್ತನೇ ಕ್ಲಾಸಿನಲ್ಲಿದ್ದಾಗ ಗೆಳೆಯರ ಜೊತೆ ಇಲ್ಲಿನ ಮೆಟ್ಟಿಲ ಮೇಲೆ ನಿಂತಿದ್ದೆ. ಅಷ್ಟೇ. ಅತಿಕ್ರಮ ಪ್ರವೇಶ ಅಂತ ಪೊಲೀಸರು ಹಿಡಿದರು. ಕೇಸು ಬಿದ್ದುಹೋಯಿತು, ಹೌಸಿಂಗ್ ಆಫೀಸು ಹಾಕಿದ ನಿಷೇಧ ಮಾತ್ರ ಉಳಿಯಿತು. ಮಾರ್ಚಿನಲ್ಲಿ ಗೋದಾಮಿನ ಕೆಲಸ ಹೋದಾಗ ಅಜ್ಜಿಯೇ ಒಳಗೆ ಕರೆದುಕೊಂಡಳು. ಸಿಕ್ಕಿಬಿದ್ದರೆ ಅವಳ ಮನೆ ಹೋಗುತ್ತದೆ. ಕೊರೋನಾ ಅಂತ ಬಾಡಿಗೆ ಕೊಡದವರನ್ನು ಹೊರಗೆ ಹಾಕುವಂತಿಲ್ಲವಂತೆ. ನನ್ನಂಥವನನ್ನು ಇಟ್ಟುಕೊಂಡವರನ್ನು ಹಾಕಬಹುದು.

ಜೂನ್ 21. ಭಾನುವಾರ

ಚರ್ಚು ಈಗ ಫೋನಿನಲ್ಲಿ. ಎಲ್ಲರೂ ಒಂದೇ ಲೈನಿನಲ್ಲಿ. ಪಾಸ್ಟರ್ ದನಿ ಏರಿಸಿದರೆ ಮುದುಕಿಯರೆಲ್ಲ ಆಮೆನ್. ಯಾರದೋ ನಾಯಿ. ಯಾರದೋ ಬಾಣಲೆಯಲ್ಲಿ ಮೀನು ಚುರ್ರೆನ್ನುತ್ತಿತ್ತು. ಆಮೇಲೆ ಒಬ್ಬೊಬ್ಬರೂ ಸಾಕ್ಷಿ ಹೇಳುತ್ತಾರೆ — ಈ ವಾರ ದೇವರು ತಮಗೆ ಏನು ಮಾಡಿದ ಅಂತ. ದನಿ ಆಚೆ ಹೋಗದ ಹಾಗೆ ಒತ್ತುವ ಗುಂಡಿ ತೋರಿಸಿಕೊಟ್ಟೆ. ಅಜ್ಜಿ ನನ್ನ ಕೈ ತಳ್ಳಿದಳು.

"ದೇವರ ಮುಂದೆ ಬಾಯ್ಮುಚ್ಕೊಂಡು ಕೂರೋಕೆ ನಾನೇನು ನಿನ್ನ ಚಿಕ್ಕಮ್ಮನ ಥರ ಕ್ಯಾಥೊಲಿಕ್ಕಾ?"

ಜೂನ್ 23. ಮಂಗಳವಾರ



ಹೌಸಿಂಗ್ ಆಫೀಸಿನ ಸಭೆಯೂ ಫೋನಿನಲ್ಲೇ. ಪೊಲೀಸರು ಕರಿಯನೊಬ್ಬನನ್ನು ಕೊಂದು, ಬೀದಿಗಳಲ್ಲಿ ಪ್ರತಿಭಟನೆಯ ಮೆರವಣಿಗೆ ಎದ್ದ ಮೇಲೆ ಅವರಿಗೆ ಕರಿಯರ ನೆನಪಾಗಿದೆ. ನಮಗೆ ಆದದ್ದನ್ನು ಸರಿಮಾಡಲೆಂದೇ ಮಿಸ್ ಬ್ಯಾಂಕ್ಸ್ ಅವರನ್ನು ಕೂರಿಸಿದ್ದಾರೆ. ನಮ್ಮವರೇ, ದನಿಯಲ್ಲೇ ಗೊತ್ತಾಗುತ್ತದೆ. ನಿಷೇಧಕ್ಕೆ ಸಿಕ್ಕವರು ಹೆಚ್ಚುಕಡಿಮೆ ಎಲ್ಲರೂ ಕಪ್ಪು ಹುಡುಗರು, ಇದು ಅನ್ಯಾಯ, ಇದು ಹೋಗಬೇಕು, ಸೆಪ್ಟೆಂಬರಿನಲ್ಲಿ ಹೌಸಿಂಗ್ ಮಂಡಳಿ ಓಟು ಹಾಕುತ್ತದೆ ಅಂದರು. ಹೇಳುತ್ತ ಹೇಳುತ್ತ ದನಿ ಏರಿತು. ಥೇಟ್ ಪಾಸ್ಟರ್.

"ಆಮೆನ್" ಅಂದಳು ಅಜ್ಜಿ. ನಾನು ಓಡಿ ಬರುವಷ್ಟರಲ್ಲಿ ಸಾಕ್ಷಿ ಶುರುವಾಗಿತ್ತು.

"ನಾನು ಎರ್ನೆಸ್ಟೀನ್, ಏಳನೇ ಮಹಡಿ. ದೇವರಿಗೆ ಸ್ತೋತ್ರ. ನನ್ನ ಮೊಮ್ಮಗ ರಾಷಾಡ್ ಇಲ್ಲೇ ನನ್ನ ಅಡುಗೆಮನೇಲಿದಾನೆ. ಮಾರ್ಚಿಂದ ನನ್ನ ನೋಡ್ಕೊಳ್ತಿರೋನು ಅವನೇ."

ಲೈನಿನಲ್ಲಿ ಯಾರೂ ಆಮೆನ್ ಅನ್ನಲಿಲ್ಲ.

ಜೂನ್ 24

ಮಿಸ್ ಬ್ಯಾಂಕ್ಸ್ ಫೋನ್ ಮಾಡಿದರು. ನನ್ನ ಹೆಸರು ಹಿಡಿದು ಕೇಳಿದರು. ಸಭೆಯಲ್ಲಿ ಕಟ್ಟಡದ ಮ್ಯಾನೇಜರೂ ಇದ್ದನಂತೆ. ಯಾವಾಗ ಬೇಕಾದರೂ ಬಂದು ನೋಡುತ್ತಾನಂತೆ.

"ಓಟಾಗೋವರೆಗೂ ಹಳೇ ರೂಲೇ ಕಣಪ್ಪ. ಅವನು ಬಂದಾಗ ನೀನು ಅಲ್ಲಿರಬಾರದು."

ಅನ್ಯಾಯ ಅಂದವರು ನೀವೇ ಅಲ್ಲವಾ ಅಂದೆ. ಹೌದು ಅಂದರು. ಅಷ್ಟೇ.

ಅಜ್ಜಿ ತನ್ನದೇ ಉಪಾಯ ಹೇಳಿದಳು. ನಾನು ಬಚ್ಚಲಲ್ಲಿ ಅಡಗಬೇಕು, ಅವಳು ಒಳಗೆ ಬಟ್ಟೆ ಒಣಗಿಸಿದೀನಿ ಅನ್ನುತ್ತಾಳೆ. ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ.

ಜೂನ್ 28. ಭಾನುವಾರ

ಅಜ್ಜಿಗೆ ಜ್ವರ. ಜೋಳದ ಗಂಜಿ ಬಟ್ಟಲಲ್ಲೇ ಆರಿತು. ಚರ್ಚಿನ ಲೈನ್ ಹಾಕಿಕೊಟ್ಟೆ. ಬಾಯಿ ತೆರೆಯಲಿಲ್ಲ.

ಆಂಬುಲೆನ್ಸ್ ಅಂದರೆ ಅಂಗಿ ಹಿಡಿದೆಳೆಯುತ್ತಾಳೆ. ಆಂಬುಲೆನ್ಸಿನವರ ಜೊತೆ ಕಟ್ಟಡದ ಕಾವಲುಗಾರನೂ ಮೇಲೆ ಬರುತ್ತಾನೆ, ಅವನಿಗೆ ನನ್ನ ಮುಖ ಗೊತ್ತು.

"ಸೆಪ್ಟೆಂಬರ್ ತನಕ ತಡ್ಕೊತೀನಿ ಮಗಾ. ಆಮೇಲೆ ಯಾರ್ನಾದ್ರೂ ಕರಿ."

ಜೂನ್ 30. ಮಧ್ಯಾಹ್ನ

ಅಜ್ಜಿಯ ತುಟಿ ನೀಲಿಗಟ್ಟಿದೆ. ಅವಳನ್ನು ಕೇಳದೆ ಆಂಬುಲೆನ್ಸ್ ಕರೆದೆ. ಬರುತ್ತಿದ್ದಾರೆ.

ನನ್ನ ತಟ್ಟೆ ತೊಳೆದಿಟ್ಟೆ. ಬಟ್ಟೆ, ಬ್ರಷ್ಷು ಚೀಲಕ್ಕೆ ಹಾಕಿದೆ. ಸೋಫಾದ ಮೇಲಿನ ಹೊದಿಕೆ ಮಡಿಸಿದೆ. ನಾನು ಇಲ್ಲೇ ಇದ್ದರೆ ಅವಳಿಗೆ ವಾಪಸ್ ಬರಲು ಮನೆ ಇರುವುದಿಲ್ಲ. ಹೋದರೆ, ಅವರು ಬರುವ ತನಕ ಒಬ್ಬಳೇ... ಅವಳನ್ನು ದಿಂಬಿಗೆ ಎತ್ತರಕ್ಕೆ ಒರಗಿಸಿದೆ. ಕಿಟಕಿ ತೆರೆದೆ. ಹೋಗ್ತೀನಿ ಅಂದೆ. ತಲೆಯಾಡಿಸಿದಳು. ಅಂಗಿ ಮಾತ್ರ ಬಿಡಲಿಲ್ಲ. ಬೆರಳು ಒಂದೊಂದೇ ಬಿಡಿಸಿದೆ.

ಸೈರನ್ ಕೆಳಗೆ ಬಂದು ನಿಂತಿತು. ಅವರು ಲಿಫ್ಟಿನಲ್ಲಿ. ನಾನು ಮೆಟ್ಟಿಲಿಗೆ. ಅವರು ಒಳಗೆ ಹೋಗಲೆಂದು ಬೀಗ ಹಾಕದೆ, ಬಾಗಿಲು ಮೆಲ್ಲಗೆ ಎಳೆದುಕೊಂಡು ಇಳಿದೆ.