ಮುಂದಾಗಿ ಹೊರಟ ಚೀಲ

ಇಸವಿ ೨೧೯೬, ಉಳಿಕೆಯ ಮೂರನೆಯ ದಿನ, ಬುಧವಾರ

ಪ್ರತೀಕ್ಷಾಳಿಗೆ, ನಿನ್ನ ಮರಿಮಗಳ ಮೊಮ್ಮಗಳಾದ ಕಾಶವ್ವ ಬರೆಯುವ ಕಾಗದ. ಇಲ್ಲಿ ಆಶೀರ್ವಾದ ಎಂದು ಬರೆಯಬೇಕೋ ನಮಸ್ಕಾರ ಎಂದು ಬರೆಯಬೇಕೋ ತಿಳಿಯದೆ ಒಂದು ಲೋಟ ಚಹಾ ಆರಿಹೋಯಿತು. ವರಸೆಯಲ್ಲಿ ನೀನು ನನ್ನ ಅಜ್ಜಿಯ ಮುತ್ತಜ್ಜಿ. ವಯಸ್ಸಿನಲ್ಲಿ, ಈ ಕಾಗದ ನಿನ್ನ ಕೈಸೇರುವ ಹೊತ್ತಿಗೆ, ಮೂವತ್ತು ದಾಟದ ಹುಡುಗಿ. ನನಗೆ ಎಪ್ಪತ್ತಾರು. ಆದ್ದರಿಂದ ಎರಡನ್ನೂ ಇಟ್ಟುಕೋ, ಏಕವಚನದಲ್ಲಿ ಕರೆದೆನೆಂದು ಮುಖ ಉಬ್ಬಿಸಬೇಡ. ನಿನಗಿನ್ನೂ ಮಕ್ಕಳಾಗಿಲ್ಲದಿದ್ದರೆ ಚಿಂತೆಯನ್ನೂ ಮಾಡಬೇಡ. ಆಗುತ್ತವೆ. ಅದಕ್ಕೆ ನಾನೇ ಸಾಕ್ಷಿ.

ಮೇಲಿನ ತಾರೀಖು ಕಂಡು ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡ. ನಮ್ಮಲ್ಲಿ ಈಗ ವರ್ಷಕ್ಕೆ ಹತ್ತೇ ತಿಂಗಳು, ತಿಂಗಳಿಗೆ ಮೂವತ್ತಾರು ದಿನ. ಕೊನೆಗೆ ಮಿಕ್ಕುವ ಐದು ದಿನಗಳು ಯಾವ ತಿಂಗಳಿಗೂ ಸೇರದವು, ಅವಕ್ಕೆ ಉಳಿಕೆ ಎನ್ನುತ್ತೇವೆ. ಆ ಐದು ದಿನ ಯಾರೂ ದುಡಿಯುವಂತಿಲ್ಲ, ಕಾಗದ ಬರೆಯಬಹುದು. ತಿಂಗಳುಗಳನ್ನೆಲ್ಲ ಕಿತ್ತು ಹಾಕಿದ ದೊಡ್ಡ ಮನುಷ್ಯರಿಗೆ ವಾರಗಳನ್ನು ಮುಟ್ಟಲು ಮಾತ್ರ ಧೈರ್ಯ ಬರಲಿಲ್ಲ. ಬಂದಿದ್ದರೆ ರಾಹುಕಾಲ ನೋಡುವುದು ಹೇಗೆ? ನಾನು ಊರ ಶಾಲೆಯಲ್ಲಿ ನಾಲ್ಕನೆಯ ಇಯತ್ತೆವರೆಗೆ ಕಲಿತವಳು. ನಿನಗೆ ಅರ್ಥವಾಗದ ಶಬ್ದ ಬಂದರೆ ಅದು ನಮ್ಮ ಕಾಲದ್ದು, ತಪ್ಪು ಬಂದರೆ ಅದು ನನ್ನದು. ಎರಡಕ್ಕೂ ಕ್ಷಮೆ ಇರಲಿ.

ಹಿಂದಿನವರಿಗೆ ಕಳಿಸುವ ಇಂಥ ಕಾಗದಕ್ಕೆ ಹಿಂದೋಲೆ ಎಂದು ಹೆಸರು. ಮನೆಗೆ ಒಂದೇ ಒಂದು ಸಲ ಸಿಗುತ್ತದೆ. ಅದನ್ನು ಜಾಣರು ಯುದ್ಧ ತಪ್ಪಿಸುವುದಕ್ಕೂ ಕಾಡು ಉಳಿಸುವುದಕ್ಕೂ ಬಳಸುತ್ತಾರಂತೆ. ನಾನು ನನ್ನ ಸೊಸೆಯ ವಿಷಯ ಬರೆಯುತ್ತಿದ್ದೇನೆ. ನಿನ್ನ ವಿಳಾಸ ದೊರೆತದ್ದು ನಮ್ಮ ಹಳೆಯ ಟ್ರಂಕಿನಲ್ಲಿದ್ದ ಒಂದು ಚೀಟಿಯಿಂದ. ನೀನು ಹುಬ್ಬಳ್ಳಿಯ ಯಾವುದೋ ಹೋಟೆಲಿನಲ್ಲಿ ಇಳಿದುಕೊಂಡು ವಿಮಾನ ನಿಲ್ದಾಣಕ್ಕೆ ಕಾರು ಹೇಳಿದ್ದ ಚೀಟಿ ಅದು. ಹೋದ ಶುಕ್ರವಾರ ನಾನೂ ಹುಬ್ಬಳ್ಳಿಯ ಹೋಟೆಲಿನಿಂದ ಕಾರು ಹೇಳಿ ಫಜೀತಿ ಪಟ್ಟುಕೊಂಡೆ. ನನ್ನ ಗೋಳು ಯಾರಿಗಾದರೂ ತಿಳಿದರೆ ನಿನಗೇ ತಿಳಿಯಬೇಕು ಅನ್ನಿಸಿತು.

ನನ್ನ ಸೊಸೆಯ ಹೆಸರು ಶಾಲ್ಮಲಾ, ಮನೆಯಲ್ಲಿ ಶಾಲಿ. ಮಗನನ್ನು ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು. ಈ ಇಪ್ಪತ್ತೆರಡು ವರ್ಷಗಳಲ್ಲಿ ನಾವಿಬ್ಬರೂ ಜಗಳವಾಡದ ದಿನವಿಲ್ಲ, ಬೇರೆ ಬೇರೆ ಉಂಡ ದಿನವೂ ಇಲ್ಲ. ಅವಳ ತಾಯಿ ಇರುವುದು ತೇಲೂರಿನಲ್ಲಿ, ಅಂದರೆ ಪೂರ್ವದ ಕಡಲಿನ ಮೇಲೆ ಹಡಗಿನ ಹಾಗೆ ಕಟ್ಟಿದ ಊರಿನಲ್ಲಿ. ತಾಯಿಗೆ ಎದೆಯ ರೋಗ. ಹಳೆಯ ಹೃದಯ ತೆಗೆದು ಹೊಸದನ್ನು ಕೂರಿಸುವುದಕ್ಕೆ ಶನಿವಾರ ಬೆಳಗ್ಗೆ ಎಂದು ಗೊತ್ತುಮಾಡಿದ್ದರು. ಎದ್ದರೆ ಎದ್ದಳು, ಇಲ್ಲದಿದ್ದರೆ ಇಲ್ಲ ಎಂದು ಡಾಕ್ಟರುಗಳೇ ಹೇಳಿದ್ದರು. ಶಾಲಿ ಬಂದು ಮುಖ ತೋರಿಸಿದ ಮೇಲೆಯೇ ಮಲಗುತ್ತೇನೆ ಎಂದು ಆಕೆ ಹಟ ಹಿಡಿದಿದ್ದಳಂತೆ. ತೇಲೂರಿಗೆ ವಿಮಾನ ಇರುವುದು ಒಂಬತ್ತು ದಿನಕ್ಕೊಮ್ಮೆ. ಶುಕ್ರವಾರದ್ದು ತಪ್ಪಿದರೆ ತಾಯಿಯ ಮುಖ ತಪ್ಪಿದ ಹಾಗೆಯೇ.

ವಿಮಾನ ಹತ್ತುವ ಜಾಗಕ್ಕೆ ನಾವು ಏರುಗಟ್ಟೆ ಎನ್ನುತ್ತೇವೆ. ಅದು ನವಲಗುಂದದ ಕಡೆಯ ಕರಿ ಬಯಲಿನಲ್ಲಿದೆ, ಹುಬ್ಬಳ್ಳಿಯಿಂದ ಒಂದು ತಾಸಿನ ದಾರಿ. ದೂರ ಹಾರುವವರು ಹಿಂದಿನ ದಿನವೇ ಊರಿಗೆ ಬಂದು ಹೋಟೆಲಿನಲ್ಲಿದ್ದು, ಮರುದಿನ ಬೆಳಗ್ಗೆ ಅಲ್ಲಿಯೇ ಉಸಿರಿನ ತಪಾಸಣೆ ಮುಗಿಸಿ ಹೊರಡಬೇಕೆಂಬ ಕಾಯಿದೆ ಇದೆ. ಹೋಟೆಲಿಗೆ ಮಾತ್ರ ಇಂದಿಗೂ ಹೋಟೆಲ್ ಎಂದೇ ಹೆಸರು. ಮಗ ಮಳೆನೀರು ಹಿಡಿದಿಡುವ ಮಳೆಗಟ್ಟೆಯ ಕೆಲಸ ಬಿಟ್ಟು ಬರುವಂತಿರಲಿಲ್ಲ, ಅದಕ್ಕೆ ಸೊಸೆಯನ್ನು ಕಳಿಸಲು ನಾನು ಬಂದೆ. ಕಾರಿಗೆ ಬದಲು ನಮ್ಮಲ್ಲಿರುವುದು ತಾನೋಡಿ. ನಡೆಸುವವರಿಲ್ಲದೆ ತಾನೇ ಓಡುತ್ತದೆ. ಅದರಲ್ಲಿ ಎರಡು ಬಗೆ: ಹತ್ತು ಮಂದಿ ಒಟ್ಟಿಗೆ ಹೋಗುವ ಕೂಡು ತಾನೋಡಿ, ಒಬ್ಬರಿಗೇ ಎಂದು ಹೇಳಿ ತರಿಸುವ ಖಾಸಗಿ ತಾನೋಡಿ.

ಶಾಲಿ, “ಕೂಡು ಬಂಡಿ ಸಾಕ್ರಿ ಅತ್ತಿ, ಖಾಸಗಿ ಯಾಕ?” ಎಂದಳು. ನಾನು, “ನೀ ದಾರಿ ತುಂಬ ಅಳಾಕಿ. ಹತ್ತು ಮಂದಿ ಮುಂದ ಅತ್ತರ, ಮುದುಕಿ ಸೊಸಿನ್ನ ಏನ್ ಕಾಡಿಸಿ ಕಳಿಸ್ಯಾಳೋ ಅಂತಾರ. ಅಳೂದಿದ್ರ ಒಬ್ಬಾಕಿನ ಕುಂತು ಅಳು,” ಎಂದೆ. ಅವಳು ನಕ್ಕಳು. ನಾಲ್ಕು ದಿನದಿಂದ ನಕ್ಕಿರಲಿಲ್ಲ.

ತಾನೋಡಿ ಹೇಳುವುದು ಹೋಟೆಲಿನ ಗೋಡೆಗೆ. ಗೋಡೆ ಪಾಠ ಓದುವ ಹಾಗೆ ಮಾತಾಡುತ್ತದೆ. ಎಲ್ಲಿಂದ, ಎಲ್ಲಿಗೆ, ಎಷ್ಟು ಹೊತ್ತಿಗೆ, ಎಷ್ಟು ಮಂದಿ, ದಾರಿಯಲ್ಲಿ ಮೌನ ಬೇಕೋ ಮಾತು ಬೇಕೋ ಎಂದು ಒಂದೊಂದಾಗಿ ಕೇಳಿತು. ಪಾಪ, ಒಬ್ಬಳೇ ಹೋಗುವಾಕೆ, ಮಾತು ಇರಲಿ ಎಂದೆ. ಕೊನೆಗೆ, “ಪ್ರಯಾಣದ ಉದ್ದೇಶವನ್ನು ತಿಳಿಸಬಹುದೇ?” ಎಂದಿತು. “ಅಕಿ ಅವ್ವನ್ನ ನೋಡಾಕ. ನಿನಗ ಅವ್ವ ಅದಾಳೇನು?” ಎಂದು ಕೇಳಿದೆ. ಗೋಡೆ, “ಆ ಮಾಹಿತಿ ಲಭ್ಯವಿಲ್ಲ,” ಎಂದಿತು. ಶಾಲಿ ನನ್ನ ಸೆರಗು ಹಿಡಿದು ಎಳೆದುಕೊಂಡು ಬಂದಳು.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ. ಶುಕ್ರವಾರ ರಾಹುಕಾಲ ಹತ್ತೂವರೆಯಿಂದ ಹನ್ನೆರಡು. ಶಾಲಿಯ ತಪಾಸಣೆ ಮುಗಿಯುವುದೇ ಹತ್ತೂ ಮುಕ್ಕಾಲಿಗೆ. ತಾನೋಡಿ ಹೊರಡುವುದು ಹನ್ನೊಂದಕ್ಕೆ. ಏರುಗಟ್ಟೆಯ ಬಾಗಿಲು ಮುಚ್ಚುವುದು ಹನ್ನೆರಡೂ ಮುಕ್ಕಾಲಿಗೆ. ಅಂದರೆ ಸಾವು ಬದುಕಿನ ನಡುವೆ ಇರುವ ತಾಯಿಯನ್ನು ನೋಡಲು ಮಗಳು ರಾಹುಕಾಲದಲ್ಲಿ ಹೊಸ್ತಿಲು ದಾಟಬೇಕು. ನನ್ನ ಜೀವ ಒಪ್ಪಲಿಲ್ಲ. ಇದಕ್ಕೆ ಹಿಂದಿನಿಂದಲೂ ಒಂದು ಪರಿಹಾರವಿದೆ, ನಿನ್ನ ಅಜ್ಜಿಯನ್ನು ಕೇಳಿದರೆ ಹೇಳುತ್ತಾಳೆ: ಪ್ರಸ್ಥಾನ ಇಡುವುದು. ಒಳ್ಳೆಯ ಹೊತ್ತಿನಲ್ಲಿ ಪ್ರಯಾಣಿಕರ ಒಂದು ಗಂಟನ್ನು ಹೊರಗೆ ಸಾಗಿಸಿದರೆ, ಆ ಹೊತ್ತಿಗೇ ಅವರು ಹೊರಟ ಲೆಕ್ಕ. ಆಮೇಲೆ ಯಾವಾಗ ಹೋದರೂ ದೋಷವಿಲ್ಲ.

ಖಾಸಗಿ ತಾನೋಡಿಯ ಒಂದು ಸುಖವೆಂದರೆ ಅದು ಮೊದಲೇ ಬಂದು ಬಾಗಿಲಲ್ಲಿ ಕಾಯುತ್ತದೆ. ಶಾಲಿ ತಪಾಸಣೆಯ ಕೋಣೆಗೆ ಹೋದ ಮೇಲೆ, ಹತ್ತೂ ಹತ್ತಕ್ಕೆ, ಅವಳ ಚೀಲವನ್ನು ಎಳೆದುಕೊಂಡು ಹೋಗಿ ಅದರ ಸೀಟಿನ ಮೇಲೆ ಇಟ್ಟೆ. ಅರಿಷಿಣ ಕುಂಕುಮ ಹಚ್ಚಿದೆ. ಚೀಲ ಸಣ್ಣದಲ್ಲ. ಬೀಗಿತ್ತಿಗೆ ಎಂದು ಅರವತ್ತು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಎರಡು ಕೌದಿ, ಒಂದು ಹಿತ್ತಾಳೆ ಕೊಡ, ಎಲ್ಲ ನಾನೇ ತುಂಬಿದ್ದೆ. ಪ್ರಸ್ಥಾನದ ಚೀಲ ಉರುಳಬಾರದು. ಅದಕ್ಕೆ ಸೀಟಿನ ಪಟ್ಟಿ ಎಳೆದು ಅದರ ಹೊಟ್ಟೆಗೆ ಬಿಗಿದೆ.

ಬಾಗಿಲು ಮುಚ್ಚಿಕೊಂಡಿತು. “ಸುಸ್ವಾಗತ ಶಾಲ್ಮಲಾ ಅವರೇ, ತಾವು ಬೇಗ ಬಂದದ್ದು ಸಂತೋಷ,” ಎಂದು ಒಳಗಿನಿಂದ ಮಾತು ಕೇಳಿಸಿತು. ಚೀಲವನ್ನು ಕೂರಿಸಿಕೊಂಡು ತಾನೋಡಿ ಹೊರಟೇಹೋಯಿತು.

ನಾನು ಒದರಿದೆ, ಓಡಿದೆ, ಒಂದು ಚಪ್ಪಲಿ ಕಳೆದುಕೊಂಡೆ. ಒಳಗೆ ಬಂದು ಗೋಡೆಗೆ ಹೇಳಿದರೆ, ಖಾಸಗಿ ಎಂದರೆ ಖಾಸಗಿಯೇ, ಒಳಗಿರುವ ಪ್ರಯಾಣಿಕರು ತಾವಾಗಿ ಹೇಳದೆ ಹಿಂದಕ್ಕೆ ಕರೆಸುವಂತಿಲ್ಲ ಎಂದಿತು. ರೊಟ್ಟಿ ಚೀಲ ಬಾಯಿಬಿಟ್ಟು ಹೇಳಬೇಕಂತೆ. ಬೇರೆ ತಾನೋಡಿ ಒಂದೂವರೆಗೆ ಮೊದಲು ಇಲ್ಲ. ಕೂಡು ತಾನೋಡಿ ಆಗಲೇ ಹೋಗಿಬಿಟ್ಟಿತ್ತು. ಶಾಲಿಯ ಏರುಚೀಟಿ, ಅಂದರೆ ವಿಮಾನ ಹತ್ತಲು ತೋರಿಸುವ ಚೀಟಿ, ಆ ಚೀಲದ ಪಕ್ಕದ ಜೇಬಿನಲ್ಲಿತ್ತು.

ಶಾಲಿ ತಪಾಸಣೆ ಮುಗಿಸಿ ಬಂದಳು. ಹೇಳಿದೆ. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಸುಮ್ಮನೆ ನನ್ನ ಬರಿಗಾಲು ನೋಡಿದಳು. ಆಮೇಲೆ ಬಹಳ ಮೆಲ್ಲಗೆ, “ಬೇಕಂತನ ಮಾಡಿದ್ರಿ ಅಲ್ಲ, ಅತ್ತಿ? ನಾ ಹೋಗಬಾರದು ಅಂತ,” ಎಂದಳು.

ಪ್ರತೀಕ್ಷಾ, ಅವಳಿಗೆ ಹೇಳಲಾಗದ್ದನ್ನು ನಿನಗೆ ಹೇಳುತ್ತೇನೆ, ನೀನು ದೂರದವಳು. ನಾನು ಬೇಕೆಂದು ಮಾಡಲಿಲ್ಲ. ಆದರೆ ತಾನೋಡಿ ತಿರುವಿನಲ್ಲಿ ಮರೆಯಾದಾಗ, ಇನ್ನು ಇವಳು ಹೋಗುವುದಿಲ್ಲ ಎಂದು ಎದೆಯ ಒಂದು ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಸಮಾಧಾನವಾಗಿತ್ತು. ತಾಯಿಯ ಬಳಿ ಹೋದವಳು ಅಲ್ಲಿಯೇ ಉಳಿದುಬಿಟ್ಟರೆ ಎಂದು ನಾನು ವಾರದಿಂದ ನಿದ್ದೆಗೆಟ್ಟಿದ್ದೆ. ಅವಳ ಮಾತು ಕೇಳಿದ ಕೂಡಲೇ ಆ ಕಾಳು ಕೆಂಡವಾಯಿತು. ಮೆಟ್ಟಿಲ ಮೇಲೆ ಕುಳಿತೆ.

ಆ ಹೋಟೆಲಿನಲ್ಲಿ ಇದ್ದ ಮನುಷ್ಯ ಜೀವ ಒಂದೇ: ಚಾದರ, ದಿಂಬಿನ ಚೀಲಗಳನ್ನು ನೋಡಿಕೊಳ್ಳುವ ಮಾಬೂಬಿ. ಐವತ್ತರ ಗಟ್ಟಿ ಹೆಂಗಸು. ಯಂತ್ರಗಳಿಗೆ ಹೊಲಸು ಬಟ್ಟೆ ಯಾವುದು, ಮಾಸಲು ಬಣ್ಣದ ಬಟ್ಟೆ ಯಾವುದು ತಿಳಿಯದ ಕಾರಣ, ಒಗೆಯುವ ಬಟ್ಟೆಯ ಮೂರು ಗಾಲಿಯ ಮೋಟಾರು ಗಾಡಿಯನ್ನು ಇಂದಿಗೂ ಅವಳೇ ಕೈಯಿಂದ ನಡೆಸುತ್ತಾಳೆ. ಗಂಟು ಹೊತ್ತು ಹೊರಗೆ ಬಂದವಳು ನಮ್ಮನ್ನು ಕಂಡು ನಿಂತಳು. “ಯಾರ್ ಹೋಗೋರ್ರೀ, ಯಾರ್ ಉಳಿಯೋರು?” ಎಂದು ಕೇಳಿದಳು. ಆ ಹೋಟೆಲಿನಲ್ಲಿ ಆವರೆಗೆ ಯಾರೂ ಕೇಳದೆ ಇದ್ದದ್ದು ಅದೇ. ನಾನು ಹೇಳುತ್ತಾ ಅಳತೊಡಗಿದೆ. ಅವಳು ಕೇಳಿಸಿಕೊಂಡು, “ಅಳೂದು ಆಮ್ಯಾಲ. ಗಾಡಿ ಹತ್ರಿ ಇಬ್ರೂ. ಹೊಲಸ್ ಚಾದರ ಬಲಕ್ಕ, ಹಸನ್ ಚಾದರ ಎಡಕ್ಕ. ಎಡಕ್ಕ ಕುಂತ್ರ ಇಳಿಸಿಬಿಡ್ತೀನಿ,” ಎಂದಳು.

ಹತ್ತೂ ಐವತ್ತೈದಕ್ಕೆ ಹೊರಟೆವು. ರಾಹುಕಾಲ ಬಾಯಿ ತೆರೆದು ಕೂತಿರುವಾಗಲೇ ಹೊಸ್ತಿಲು ದಾಟಿದ್ದಾಯಿತು. ಗಾಡಿ ತಾನೋಡಿಯ ಅರ್ಧ ವೇಗಕ್ಕಿಂತ ಸ್ವಲ್ಪ ಮೇಲೆ. ಎರಡೂ ಕಡೆ ಕರಿ ನೆಲ, ಅದರ ಮೇಲೆ ಬಿಸಿಲನ್ನು ಹಿಡಿಯುವ ಕನ್ನಡಿಯ ಸಾಲು, ಕನ್ನಡಿಗಳ ನೆರಳಿನಲ್ಲಿ ಕಡಲೆ ಬೆಳೆ. ಯಾವುದೂ ಕಣ್ಣಿಗೆ ಹಿಡಿಸಲಿಲ್ಲ. ಮಾಬೂಬಿ ದಾರಿಯುದ್ದಕ್ಕೂ ಮುಂದಿನ ತಾನೋಡಿಗಳನ್ನು ಬೈಯುತ್ತಿದ್ದಳು. ಶಾಲಿ ಚಾದರದ ಗಂಟಿಗೆ ಒರಗಿ ಆಕಾಶ ನೋಡುತ್ತಿದ್ದಳು. ನಾನು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಆಡದ ಮಾತು ಆಡಿದೆ: “ತಪ್ಪಾತು, ಶಾಲಿ.” ಅವಳು ತನ್ನ ಒಂದು ಚಪ್ಪಲಿ ಬಿಚ್ಚಿ, ನನ್ನ ಬರಿಗಾಲಿಗೆ ಹಾಕಿದಳು. ಅಷ್ಟೇ. ಅದು ಕ್ಷಮೆಯೋ ಸಿಟ್ಟೋ ನನಗೆ ಗೊತ್ತಾಗಲಿಲ್ಲ.

ಹನ್ನೆರಡೂ ಮೂವತ್ತಾರಕ್ಕೆ ಏರುಗಟ್ಟೆ ಮುಟ್ಟಿದೆವು. ನಮ್ಮ ತಾನೋಡಿ ಬಾಗಿಲು ತೆರೆದುಕೊಂಡು ಅಲ್ಲೇ ನಿಂತಿತ್ತು. ಒಳಗೆ ಚೀಲ, ಕುಂಕುಮ ಹಚ್ಚಿಕೊಂಡು, ಪಟ್ಟಿ ಬಿಗಿದುಕೊಂಡು, ಮದುಮಗಳ ಹಾಗೆ ಕೂತಿತ್ತು. “ಶಾಲ್ಮಲಾ ಅವರೇ, ತಾವು ಇಳಿಯಬೇಕಾಗಿ ವಿನಂತಿ. ದಾರಿಯುದ್ದಕ್ಕೂ ತಾವು ಮಾತಾಡಲಿಲ್ಲ. ಆರೋಗ್ಯವೇ?” ಎಂದು ತಾನೋಡಿ ಅದನ್ನು ಮತ್ತೆ ಮತ್ತೆ ಕೇಳುತ್ತಿತ್ತು. ಮಾಬೂಬಿ ನಕ್ಕು ನಕ್ಕು ಗಾಡಿಯ ಹಿಡಿಕೆಗೆ ಒರಗಿದಳು. ನನಗೆ ನಗು ಬರಲಿಲ್ಲ. ಶಾಲಿ ಪಟ್ಟಿ ಬಿಚ್ಚಿ, ಚೀಲ ಎಳೆದುಕೊಂಡು, ನಮಸ್ಕಾರವೂ ಇಲ್ಲದೆ, ಒಂದೇ ಚಪ್ಪಲಿಯಲ್ಲಿ ಕುಂಟುತ್ತಾ ಓಡಿದಳು. ಇವಳು ಹೀಗೆಯೇ ಹೋಗಿಬಿಟ್ಟರೆ ಸಾಯುವವರೆಗೆ ಈ ಬೆನ್ನೇ ನನಗೆ ಕಾಣುವುದು ಎಂದುಕೊಂಡೆ.

ಬಾಗಿಲಿನ ಬಳಿ ನಿಂತಳು. ತಿರುಗಿದಳು. ಅಷ್ಟು ಮಂದಿಯ ನಡುವೆ ಗಂಟಲು ಹರಿಯುವ ಹಾಗೆ, “ಏನ್ ತುಂಬೀರಿ ಅತ್ತಿ ಇದರಾಗ? ಎತ್ತಾಕ ಬರವಲ್ದು! ನಮ್ಮವ್ವಗ ಇನ್ನ ಅರವತ್ತು ವರ್ಷ ಸಾಲತಾವ ಈ ರೊಟ್ಟಿ!” ಎಂದಳು. ನಾನೂ ಬಿಡಲಿಲ್ಲ. “ತಿಂದು ಮುಗಿಸು ಅಂತ ಹೇಳು ನಿಮ್ಮವ್ವಗ, ಅಲ್ಲೀತನ ಸಾಯಾಂಗಿಲ್ಲ ಅಂತ ಹೇಳು!” ಎಂದು ಕೂಗಿದೆ. ಅವಳು ನಗುತ್ತಾ ಅಳುತ್ತಾ ಒಳಗೆ ಹೋದಳು. ಬಾಗಿಲು ಮುಚ್ಚಿತು.

ತಾಯಿಯ ಕೈ ಹಿಡಿದುಕೊಂಡೇ ರಾತ್ರಿ ಕಳೆದಳಂತೆ. ಶನಿವಾರ ಹೊಸ ಹೃದಯ ಕೂರಿಸಿದರು. ನಿನ್ನೆ ಬೀಗಿತ್ತಿ ಕಣ್ಣು ಬಿಟ್ಟಿದ್ದಾಳೆ. ಮೊದಲ ಮಾತು, “ಕಾಶವ್ವ ಏನ್ ಕಳಿಸ್ಯಾಳ?” ಎಂಬುದಂತೆ. ಶಾಲಿ ಎಂದು ಬರುತ್ತಾಳೆ ಎಂದು ನಾನು ಕೇಳಿಲ್ಲ. ಕೇಳುವುದಿಲ್ಲ. ತಾಯಿ ಎದ್ದು ನಡೆಯುವವರೆಗೆ ಇರಲಿ.

ನಿನ್ನ ಕಾಲದಲ್ಲಿ ಕಾರು ಹೇಳಿದರೆ ಮುಂದಿನ ಸೀಟಿನಲ್ಲಿ ಒಬ್ಬ ಮನುಷ್ಯ ಕೂತಿರುತ್ತಾನಂತೆ, ಹಿಂದಕ್ಕೆ ತಿರುಗಿ, ಎಲ್ಲರೂ ಬಂದಿರಾ ಎಂದು ಕೇಳುತ್ತಾನಂತೆ. ಅವನಿಲ್ಲದೆಯೂ ಆಗುತ್ತದೆ ಎಂದು ಯಾರಾದರೂ ಹೇಳಿಕೊಂಡು ಬಂದರೆ ಕೂಡಲೇ ಹೂಂ ಎನ್ನಬೇಡ, ನನ್ನ ಹೆಸರು ಹೇಳಿ ಜಗಳ ತೆಗೆ. ಇನ್ನೊಂದು ಮಾತು. ನಿನಗೂ ಒಬ್ಬ ಅತ್ತೆ ಇರಬಹುದು, ಹೊರಡುವ ಹೊತ್ತಿಗೆ ಸರಿಯಾಗಿ ಏನಾದರೊಂದು ಅಡ್ಡಗೆಲಸ ಮಾಡುವವಳು. ಬೈಯಿ. ನಾವು ಬೈಸಿಕೊಳ್ಳುತ್ತೇವೆ, ನಮಗೆ ರೂಢಿಯಿದೆ. ಆದರೆ ಬೈಯುವುದಕ್ಕಾದರೂ ಬಾಗಿಲ ಬಳಿ ಒಮ್ಮೆ ನಿಂತು ತಿರುಗು. ಹೊರಗೆ ನಿಂತಿರುವವಳಿಗೆ ಮನೆಗೆ ಮರಳಲು ಅಷ್ಟಾದರೂ ಬೇಕು.

ನಿನ್ನ,
ಕಾಶವ್ವ